ಮೊದಲ ರಿಸರ್ಚ್ ಗ್ರಾಂಟ್ ತರುವುದು ಹೇಗೆ? ರಾಜ್ಯ ವಿವಿ ಮತ್ತು ಕಾಲೇಜು ಅಧ್ಯಾಪಕರಿಗೆ ಸಮಗ್ರ ಮಾರ್ಗದರ್ಶಿ

ಸ್ಟಾಫ್ ರೂಮಿನಲ್ಲಿ ಪ್ರಾಜೆಕ್ಟ್ ಮಾತು ಬಂದರೆ ಹಿರಿಯರು ಯಾರಾದರೂ "ಯುಜಿಸಿಗೆ ಒಂದು ಮೈನರ್ ಹಾಕಿಬಿಡಿ" ಅನ್ನುತ್ತಾರೆ. ಆ ಮೈನರ್, ಮೇಜರ್ ಪ್ರಾಜೆಕ್ಟ್‌ಗಳು ನಿಂತು ವರ್ಷಗಳೇ ಆದವು. ವಿಜ್ಞಾನದವರು ದಿನಾ ಜಪಿಸುತ್ತಿದ್ದ, ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ ಕೂಡ ಈಗ ಆ ಹೆಸರಿನಲ್ಲಿ ಇಲ್ಲ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್, ಅಂದರೆ ಎಎನ್‌ಆರ್‌ಎಫ್, ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಹಾಗಾಗಿ ಹಳೇ ಸಲಹೆಗಳನ್ನು ಸ್ವಲ್ಪ ಪಕ್ಕಕ್ಕಿಡಿ.

ಈ ಬರಹ ಮುಖ್ಯವಾಗಿ ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯ, ಪದವಿ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಮಾಡುತ್ತಾ, ಮೊದಲ ಗ್ರಾಂಟ್ ಇನ್ನೂ ಸಿಗದವರಿಗೆ. ಐಐಎಸ್‌ಸಿಯವರಿಗೆ ಇದರ ಅಗತ್ಯ ಇಲ್ಲ, ಅವರಿಗೆ ಇದಕ್ಕೆಂದೇ ಆಫೀಸು ಇರುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಮ್ಮವರ ಪ್ರಪೋಸಲ್‌ಗಳು ಐಡಿಯಾ ಸರಿಯಿಲ್ಲದೆ ಬೀಳುವುದಕ್ಕಿಂತ, ತಮಗಲ್ಲದ ಕಾಲ್‌ಗೆ (ಪ್ರಪೋಸಲ್ ಕಳಿಸಿ ಅಂತ ಹಣ ಕೊಡುವ ಸಂಸ್ಥೆ ಹೊರಡಿಸುವ ಕರೆಗೆ) ಹೋಗಿ ಬೀಳುವುದೇ ಜಾಸ್ತಿ. ಆಮೇಲಿನ ಪಾಲು ಬಜೆಟ್‌ನದು, ಕಾಗದಪತ್ರದ್ದು.

ಹಂತ 1: ನೀವು ಯಾರು, ನಿಮ್ಮ ಸಂಸ್ಥೆ ಯಾವುದು?

ವಿಷಯಕ್ಕಿಂತ ಮೊದಲು ಅರ್ಹತೆ ನೋಡಿ. ಒಂದು ಹಾಳೆ ತೆಗೆದುಕೊಂಡು ಇಷ್ಟನ್ನು ಬರೆದುಕೊಳ್ಳಿ: ನಿಮ್ಮ ವಯಸ್ಸು, ಪಿಎಚ್‌ಡಿ ಆದ ವರ್ಷ, ಖಾಯಂ ಹುದ್ದೆಗೆ ಸೇರಿದ ದಿನಾಂಕ, ನಿವೃತ್ತಿಯ ದಿನಾಂಕ. ನಿವೃತ್ತಿ ದಿನಾಂಕ ಯಾಕೆ ಅಂದರೆ, ಪ್ರಾಜೆಕ್ಟ್ ಮುಗಿಯುವವರೆಗೆ ಪಿಐ, ಅಂದರೆ ಅದರ ಮುಖ್ಯ ಸಂಶೋಧಕರು, ಸೇವೆಯಲ್ಲಿ ಇರಬೇಕು ಅಂತ ಬಹಳ ಕಡೆ ನಿಯಮ ಇದೆ. ಇಲ್ಲದಿದ್ದರೆ ಸೇವೆ ಉಳಿದಿರುವ ಕೋ-ಪಿಐ (ಸಹ ಸಂಶೋಧಕರು) ಬೇಕಾಗುತ್ತಾರೆ.

ಅದೇ ಹಾಳೆಯಲ್ಲಿ ಸಂಸ್ಥೆಯ ವಿವರ. ಯುಜಿಸಿ ಕಾಯ್ದೆಯ 2(ಎಫ್) (ಯುಜಿಸಿ ಪಟ್ಟಿಯಲ್ಲಿ ಸೇರಿದ್ದು) ಮತ್ತು 12(ಬಿ) (ಕೇಂದ್ರದ ಅನುದಾನಕ್ಕೆ ಅರ್ಹತೆ) ಮಾನ್ಯತೆ ಇದೆಯೇ? ನ್ಯಾಕ್ ಗ್ರೇಡ್ ಚಾಲ್ತಿಯಲ್ಲಿದೆಯೇ? ಟ್ರಸ್ಟ್ ಅಥವಾ ಸೊಸೈಟಿ ನಡೆಸುವ ಖಾಸಗಿ ಕಾಲೇಜಾದರೆ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯೇ? ದರ್ಪಣ್ ಐಡಿ ಎಷ್ಟೋ ಕೇಂದ್ರ ಇಲಾಖೆಗಳ ಅರ್ಜಿಯಲ್ಲಿ ಕೇಳುತ್ತಾರೆ. ಅದು ನಿಮ್ಮ ಕೈಯಲ್ಲಿಲ್ಲ, ಆಡಳಿತ ಮಂಡಳಿಯ ಪ್ಯಾನ್ ಕಾರ್ಡು, ಪದಾಧಿಕಾರಿಗಳ ವಿವರ ಎಲ್ಲಾ ಬೇಕು. ಕೊನೇ ದಿನ ನೆನಪಾದರೆ ಆಗದ ಕೆಲಸ. ಈಗಲೇ ಪ್ರಿನ್ಸಿಪಾಲರ ಕಿವಿಗೆ ಹಾಕಿ.

ಅತಿಥಿ ಉಪನ್ಯಾಸಕರ ಬಗ್ಗೆ ಒಂದು ಮಾತು. ನಮ್ಮ ಎಷ್ಟೋ ವಿಭಾಗಗಳು ನಡೆಯುತ್ತಿರುವುದೇ ಅವರಿಂದ. ಆದರೆ ಹೆಚ್ಚಿನ ಸರ್ಕಾರಿ ಗ್ರಾಂಟ್‌ಗಳಲ್ಲಿ ಅವರು ಪಿಐ ಆಗುವಂತಿಲ್ಲ. ಇದು ಅನ್ಯಾಯವೇ. ಅವರಿಗೆ ಉಳಿದ ದಾರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗಳು, ಇಲ್ಲವೇ ವ್ಯಕ್ತಿಗೆ ನೇರವಾಗಿ ಹಣ ಕೊಡುವ ಸಂಸ್ಥೆಗಳು. ಎರಡರ ಮಾತೂ ಮುಂದೆ ಬರುತ್ತದೆ.

ಹಂತ 2: ನಿಮಗಾಗಿಯೇ ಇರುವ ಕಾಲ್ ಹುಡುಕಿ

ಎಎನ್‌ಆರ್‌ಎಫ್‌ನಿಂದ ಶುರು ಮಾಡೋಣ. ಇಲ್ಲಿನ ದೊಡ್ಡ ಸಾಮಾನ್ಯ ಸ್ಪರ್ಧೆ ಅಡ್ವಾನ್ಸ್ಡ್ ರಿಸರ್ಚ್ ಗ್ರಾಂಟ್. ಹಿಂದೆ ಕೋರ್ ರಿಸರ್ಚ್ ಗ್ರಾಂಟ್ ಅನ್ನುತ್ತಿದ್ದರು. ಇದಕ್ಕೆ ಐಐಟಿ, ಐಐಎಸ್‌ಸಿ, ಐಸರ್ ಎಲ್ಲರೂ ಹಾಕುತ್ತಾರೆ. ಮೊದಲ ಪ್ರಯತ್ನಕ್ಕೆ ಇದನ್ನು ನಾನು ಹೇಳುವುದಿಲ್ಲ. ಹೊಸದಾಗಿ ಸೇರಿದವರಿಗೆ ಪ್ರೈಮ್ ಮಿನಿಸ್ಟರ್ ಅರ್ಲಿ ಕೆರಿಯರ್ ರಿಸರ್ಚ್ ಗ್ರಾಂಟ್ ಇದೆ. 3 ವರ್ಷಕ್ಕೆ 60 ಲಕ್ಷ ರೂಪಾಯಿವರೆಗೆ, ವಯಸ್ಸಿನ ಮಿತಿ 42. ಮೀಸಲಾತಿ ವರ್ಗದವರಿಗೆ, ಮಹಿಳೆಯರಿಗೆ ಸಡಿಲಿಕೆ ಇದೆ. ಮೊತ್ತ ದೊಡ್ಡದು, ಹಾಗಾಗಿ ಪೈಪೋಟಿಯೂ ದೊಡ್ಡದು.

ನಮ್ಮಂಥ ಕಡೆ ಇರುವವರಿಗೆ ಲೆಕ್ಕ ಹಾಕಿ ಮಾಡಿದ ಯೋಜನೆಗಳು ಬೇರೆ. ಎಸ್‌ಇಆರ್‌ಬಿ ಕಾಲದಲ್ಲಿ ಶುರುವಾದ 'ಶ್ಯೂರ್' ಮುಖ್ಯವಾಗಿ ರಾಜ್ಯ ವಿವಿ ಮತ್ತು ಕಾಲೇಜುಗಳವರಿಗಾಗಿ ಇತ್ತು, 3 ವರ್ಷಕ್ಕೆ 30 ಲಕ್ಷದವರೆಗೆ. 'ಪವರ್' ಮಹಿಳಾ ವಿಜ್ಞಾನಿಗಳಿಗೆ. 'ಇನ್‌ಕ್ಲೂಸಿವಿಟಿ ರಿಸರ್ಚ್ ಗ್ರಾಂಟ್' ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸಂಶೋಧಕರಿಗೆ. ಗಣಿತದವರಿಗೆ 'ಮ್ಯಾಟ್ರಿಕ್ಸ್', ಇದು ಉಪಕರಣದ ತಲೆನೋವಿಲ್ಲದ ಪುಟ್ಟ ಗ್ರಾಂಟ್. ಯೋಜನೆಗಳ ಹೆಸರು, ಮೊತ್ತ ಬದಲಾಗುತ್ತಿರುತ್ತವೆ. ಈ ವರ್ಷ ಯಾವುದರ ಕಾಲ್ ತೆರೆದಿದೆ ಅಂತ ಎಎನ್‌ಆರ್‌ಎಫ್ ಪೋರ್ಟಲ್‌ನಲ್ಲೇ ನೋಡಿ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ.

ನನಗೆ ಬಹಳ ಇಷ್ಟವಾದದ್ದು 'ಟೇರ್'. ಪೂರ್ತಿ ಹೆಸರು ಟೀಚರ್ಸ್ ಅಸೋಸಿಯೇಟ್‌ಶಿಪ್ ಫಾರ್ ರಿಸರ್ಚ್ ಎಕ್ಸಲೆನ್ಸ್. ನಿಮ್ಮ ಕೆಲಸ ಬಿಡದೆ, ಹತ್ತಿರದ ಐಐಟಿ, ಎನ್‌ಐಟಿ, ಐಐಎಸ್‌ಸಿ ಅಥವಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅರೆಕಾಲಿಕವಾಗಿ ಸಂಶೋಧನೆ ಮಾಡುವ ವ್ಯವಸ್ಥೆ. ಎಸ್‌ಇಆರ್‌ಬಿ ಇದನ್ನು ನಡೆಸುತ್ತಿದ್ದಾಗ ವರ್ಷಕ್ಕೆ 5 ಲಕ್ಷ ಸಂಶೋಧನಾ ಹಣ ಇತ್ತು. ಅದರಲ್ಲಿ ಅರ್ಧ ನಿಮ್ಮ ಸಂಸ್ಥೆಗೆ, ಅರ್ಧ ಅಲ್ಲಿಗೆ. ಇದರ ಜೊತೆಗೆ ನಿಮಗೆ ವರ್ಷಕ್ಕೆ 60,000 ರೂಪಾಯಿ. ಕಾಲೇಜಿನಲ್ಲಿ ಲ್ಯಾಬ್ ಇಲ್ಲ ಅಂತ ಕೊರಗುವವರಿಗೆ ಇದಕ್ಕಿಂತ ಒಳ್ಳೇ ಬಾಗಿಲು ಇಲ್ಲ. ತೊಂದರೆ ಒಂದೇ: ಆ ಕಡೆಯ ಮೆಂಟರ್ ಒಪ್ಪಬೇಕು. ಅವರಿಗೆ ಬರೆಯುವ ಮೊದಲ ಇಮೇಲ್‌ನಲ್ಲಿ "ತಮ್ಮ ಮಾರ್ಗದರ್ಶನ ಬೇಕು" ಅಂತ ಸುಮ್ನೆ ಬರೆಯಬೇಡಿ. ಅವರ ಯಾವ ಪೇಪರ್ ಓದಿದಿರಿ, ಅದರ ಮುಂದಿನ ಯಾವ ಪ್ರಯೋಗವನ್ನು ನೀವು ಮಾಡಬಲ್ಲಿರಿ ಅಂತ ಎರಡು ಸಾಲು ಇರಲಿ. ಉತ್ತರ ಬರುವ ಸಾಧ್ಯತೆ ಜಾಸ್ತಿ.

ಪಿಎಚ್‌ಡಿ ಮುಗಿಸಿದ ಅತಿಥಿ ಉಪನ್ಯಾಸಕರು ಎಎನ್‌ಆರ್‌ಎಫ್‌ನ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ನೋಡಬಹುದು. ಅದಕ್ಕೆ ವಯಸ್ಸಿನ ಮಿತಿ ಬಿಗಿ, ಮೊದಲು ಅದನ್ನೇ ನೋಡಿ.

ಇನ್ನು ರಾಜ್ಯದ ಹಣ. ಇದನ್ನು ನಮ್ಮವರು ಮರೆಯುತ್ತಾರೆ. ಪ್ರೊ. ಸಿ.ಎನ್.ಆರ್. ರಾವ್ ಅಧ್ಯಕ್ಷತೆಯಲ್ಲಿ ಬೆಳೆದ ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ, ಎಲ್ಲರ ಬಾಯಲ್ಲಿ ವಿಜಿಎಸ್‌ಟಿ, ಕರ್ನಾಟಕದ ಸಂಸ್ಥೆಗಳಿಗಾಗಿಯೇ ಇರುವುದು. ಅಧ್ಯಾಪಕರಿಗೆ ಆರ್‌ಜಿಎಸ್/ಎಫ್, ಯುವ ವಿಜ್ಞಾನಿಗಳಿಗೆ ಸೀಡ್ ಮನಿ, ವಿಭಾಗಕ್ಕೆ ಕೆ-ಫಿಸ್ಟ್ ಅಂತ ಬೇರೆ ಬೇರೆ ಯೋಜನೆಗಳು ಅದರಲ್ಲಿವೆ. ಎಲ್ಲವಕ್ಕೂ ಪ್ರತಿ ವರ್ಷ ಕಾಲ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಬಂದಾಗ ಪ್ರಪೋಸಲ್ ತಯಾರಿರಬೇಕು. ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂದರೆ ಕೆಎಸ್‌ಸಿಎಸ್‌ಟಿ, 1970ರ ದಶಕದಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಹಣ ಕೊಡುತ್ತಾ ಬಂದಿದೆ. ಮೊತ್ತ ಸಣ್ಣದು. ಆದರೆ ಗೈಡ್ ಆಗಿ ನಿಮ್ಮ ಹೆಸರಿರುತ್ತದೆ, ಹೊರಗಿನ ಹಣ ತಂದು ಲೆಕ್ಕ ಒಪ್ಪಿಸಿದ ದಾಖಲೆ ಸಿಗುತ್ತದೆ. ಮುಂದಿನ ಪ್ರಪೋಸಲ್‌ನ 'ಹಿಂದಿನ ಪ್ರಾಜೆಕ್ಟ್‌ಗಳು' ಅನ್ನುವ ಕಾಲಂ ಖಾಲಿ ಇರುವುದಿಲ್ಲ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಕಾಲೇಜಿನವರು ರಾಜೀವ್ ಗಾಂಧಿ ಆರೋಗ್ಯ ವಿವಿಯ ಸಂಶೋಧನಾ ಅನುದಾನವನ್ನು ನೋಡದೆ ನೇರ ಐಸಿಎಂಆರ್‌ಗೆ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಗೆ) ಹಾರುವುದು ಬೇಡ.

ಎಂಜಿನಿಯರಿಂಗ್‌ನವರಿಗೆ ಎಐಸಿಟಿಇಯ ರಿಸರ್ಚ್ ಪ್ರಮೋಷನ್ ಸ್ಕೀಮ್ ಇದೆ, ಹಳೇ ಲ್ಯಾಬ್ ಸರಿಮಾಡಲು ಮೊಡ್ರಾಬ್ಸ್ ಇದೆ. ಬಾಹ್ಯಾಕಾಶಕ್ಕೆ ಹತ್ತಿರದ ವಿಷಯವಾದರೆ ಇಸ್ರೋದ ಸಂಶೋಧನಾ ಅನುದಾನ ಯೋಜನೆ 'ರೆಸ್ಪಾಂಡ್' ಅನ್ನು ಮರೆಯಬೇಡಿ. ಅವರಿಗೆ ಯಾವ ಸಮಸ್ಯೆಗೆ ಉತ್ತರ ಬೇಕು ಅನ್ನುವುದನ್ನು ಅವರೇ ಪಟ್ಟಿ ಮಾಡಿ ಪ್ರಕಟಿಸುತ್ತಾರೆ. ಯುಜಿಸಿ 2022ರಲ್ಲಿ ಸೇವೆಯಲ್ಲಿರುವ ಅಧ್ಯಾಪಕರಿಗೂ ಹೊಸದಾಗಿ ನೇಮಕವಾದವರಿಗೂ ಬೇರೆ ಬೇರೆ ಗ್ರಾಂಟ್ ಪ್ರಕಟಿಸಿತ್ತು, 2 ವರ್ಷಕ್ಕೆ 10 ಲಕ್ಷದವರೆಗೆ.

ಸಮಾಜ ವಿಜ್ಞಾನದವರಿಗೆ 1969ರಲ್ಲಿ ಶುರುವಾದ ಕೇಂದ್ರದ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್, ಇತಿಹಾಸಕ್ಕೆ ಐಸಿಎಚ್‌ಆರ್, ತತ್ವಶಾಸ್ತ್ರಕ್ಕೆ ಐಸಿಪಿಆರ್. ಐಸಿಎಸ್‌ಎಸ್‌ಆರ್‌ನಲ್ಲಿ ಮೇಜರ್, ಮೈನರ್ ಎರಡೂ ಇವೆ. ಬೆಂಗಳೂರಿನ ಐಸೆಕ್, ಧಾರವಾಡದ ಸಿಎಂಡಿಆರ್ ಎರಡೂ ಐಸಿಎಸ್‌ಎಸ್‌ಆರ್ ಬೆಂಬಲದ ಸಂಸ್ಥೆಗಳು. ಅಲ್ಲಿಯವರಿಗೆ ನಿಮ್ಮ ಕರಡು ತೋರಿಸಿದರೆ ಒಳ್ಳೇ ಟೀಕೆ ಸಿಗುತ್ತದೆ. ಕನ್ನಡ, ಜಾನಪದ, ರಂಗಭೂಮಿ, ಕಲೆಯವರು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಬೇಕು. ಅವರು ಭಾರತೀಯ ಭಾಷೆಗಳಲ್ಲೂ ಪ್ರಪೋಸಲ್ ತೆಗೆದುಕೊಳ್ಳುತ್ತಾರೆ, ಕನ್ನಡದಲ್ಲೇ ಬರೆಯಬಹುದು. ಅತಿಥಿ ಉಪನ್ಯಾಸಕರಿಗೂ ಈ ಬಾಗಿಲು ತೆರೆದಿದೆ. ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವವರಿಗೆ ನ್ಯೂ ಇಂಡಿಯಾ ಫೌಂಡೇಶನ್‌ನ ಅನುವಾದ ಫೆಲೋಶಿಪ್ ಕೂಡ ಇದೆ.

ಇಡೀ ವಿಭಾಗಕ್ಕೆ ಬರುವ ಹಣ ಬೇರೆ ಜಾತಿಯದು. ಡಿಎಸ್‌ಟಿಯ (ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಫಿಸ್ಟ್, ಮಹಿಳಾ ವಿವಿಗಳಿಗೆ ಕ್ಯೂರಿ, ಪದವಿ ಕಾಲೇಜುಗಳಿಗೆ ಡಿಬಿಟಿಯ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) ಸ್ಟಾರ್ ಕಾಲೇಜ್ ಈ ಬಗೆಯವು. ಇಲ್ಲಿ ಒಬ್ಬರ ಐಡಿಯಾಕ್ಕಿಂತ ವಿಭಾಗದ ಎಲ್ಲರ ಪ್ರಕಟಣೆ, ಪಿಎಚ್‌ಡಿ ಸಂಖ್ಯೆ, ಈಗಿರುವ ಉಪಕರಣ ಲೆಕ್ಕಕ್ಕೆ ಬರುತ್ತದೆ. ವಿಭಾಗದಲ್ಲಿ ಇಬ್ಬರು ಮಾತು ಬಿಟ್ಟಿದ್ದರೆ ಈ ಅರ್ಜಿ ಮುಂದೆ ಹೋಗುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಹಂತ 3: ಪ್ರಶ್ನೆಯನ್ನು ಚಿಕ್ಕದು ಮಾಡಿ

ಒಂದು ಉದಾಹರಣೆ ಹಿಡಿದು ಹೋಗೋಣ. ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಪಾವಗಡದ ಕಡೆಯ ಅಂತರ್ಜಲದ ಫ್ಲೋರೈಡ್ ಮೇಲೆ ಕೆಲಸ ಮಾಡಬೇಕು ಅಂದುಕೊಂಡಿದ್ದಾರೆ ಅನ್ನಿ. ಮೊದಲ ಕರಡಿನಲ್ಲಿ ಶೀರ್ಷಿಕೆ ಹೀಗಿರುತ್ತದೆ: "ತುಮಕೂರು ಜಿಲ್ಲೆಯ ಅಂತರ್ಜಲದ ಗುಣಮಟ್ಟದ ಅಧ್ಯಯನ ಮತ್ತು ಪರಿಹಾರೋಪಾಯಗಳು." ಓದುವ ತಜ್ಞರು ಇಂಥದ್ದನ್ನು ಬೇಕಾದಷ್ಟು ನೋಡಿರುತ್ತಾರೆ. ಫ್ಲೋರೈಡ್ ಇದೆ ಅಂತ ಎಲ್ಲರಿಗೂ ಗೊತ್ತು. ನೀವು ಹೊಸದಾಗಿ ಏನು ಹೇಳುತ್ತೀರಿ?

ಅದನ್ನೇ ಹೀಗೆ ತಿರುಗಿಸಿ: "ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಪಾವಗಡ ತಾಲ್ಲೂಕಿನ ಒಂದೇ ಕೊಳವೆಬಾವಿ ಮಳೆಗಾಲದ ಮೊದಲು ಈ ಮಿತಿ ದಾಟಿ, ಮಳೆಯಾದ ಮೇಲೆ ಒಳಗೆ ಬರುತ್ತದೆಯೇ? ಬಾವಿಯ ಆಳ ಈ ಏರಿಳಿತವನ್ನು ಎಷ್ಟು ನಿರ್ಧರಿಸುತ್ತದೆ?" ಈಗ ಅಳೆಯಲು ಒಂದು ಸಂಗತಿ ಇದೆ, ಎರಡು ಋತು ಇದೆ, ಒಂದು ಊಹೆ ಇದೆ. ಉತ್ತರ 'ಇಲ್ಲ' ಅಂತ ಬಂದರೂ ಪೇಪರ್ ಆಗುತ್ತದೆ.

ಉದ್ದೇಶಗಳು ಮೂರು ಸಾಕು. ಏಳೆಂಟು ಬರೆದರೆ ಇವರಿಗೆ ಏನು ಮಾಡಬೇಕು ಅಂತಲೇ ಗೊತ್ತಿಲ್ಲ ಅನ್ನಿಸುತ್ತದೆ. ಪ್ರತಿ ಉದ್ದೇಶದ ಎದುರು ಯಾವ ವಿಧಾನ, ಎಷ್ಟು ಮಾದರಿ, ಯಾವ ತಿಂಗಳು ಅಂತ ಇರಲಿ. "ಆಧುನಿಕ ತಂತ್ರಗಳಿಂದ ವಿಶ್ಲೇಷಿಸಲಾಗುವುದು" ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಅಯಾನ್ ಸೆಲೆಕ್ಟಿವ್ ಇಲೆಕ್ಟ್ರೋಡ್‌ನಲ್ಲಿ ಅಳೆಯುತ್ತೇವೆ, ಹತ್ತರಲ್ಲಿ ಒಂದು ಮಾದರಿಯನ್ನು ಹೊರಗಿನ ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸುತ್ತೇವೆ ಅಂತ ಬರೆಯಿರಿ.

ಪೈಲಟ್ ಡೇಟಾ ಇದ್ದರೆ ಪ್ರಪೋಸಲ್‌ನ ತೂಕವೇ ಬೇರೆ. ಎಂಎಸ್‌ಸಿ ವಿದ್ಯಾರ್ಥಿಗಳ ಪ್ರಾಜೆಕ್ಟನ್ನು ಇದೇ ಪ್ರಶ್ನೆಯ ಸುತ್ತ ಕಟ್ಟಿ. ಹತ್ತಿಪ್ಪತ್ತು ಬಾವಿಯ ಒಂದು ಗ್ರಾಫ್, ಹತ್ತು ಪುಟದ ಪೀಠಿಕೆಗಿಂತ ಜಾಸ್ತಿ ಮಾತಾಡುತ್ತದೆ.

ಹಂತ 4: ಬಜೆಟ್

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ಬಹಳ ಜನ ಇದನ್ನು ಕೊನೇ ರಾತ್ರಿ ಮಾಡುತ್ತಾರೆ.

ಒಟ್ಟು ಮಿತಿ 30 ಲಕ್ಷ ಇರುವ 3 ವರ್ಷದ ಕಾಲ್ ಅಂದುಕೊಳ್ಳಿ. ಒಬ್ಬ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಬೇಕು. 2023ರ ಪರಿಷ್ಕರಣೆಯಂತೆ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ (ಹಿರಿಯ ಫೆಲೋಗೆ) 42,000. ಮೊದಲ ಎರಡು ವರ್ಷ ಜೆಆರ್‌ಎಫ್: ವರ್ಷಕ್ಕೆ 4,44,000, ಎರಡಕ್ಕೆ 8,88,000. ಮೂರನೇ ವರ್ಷ ಎಸ್‌ಆರ್‌ಎಫ್: 5,04,000. ಕೂಡಿದರೆ 13,92,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಕೇಂದ್ರದ ಪಟ್ಟಿಯಲ್ಲಿ ಬೆಂಗಳೂರು ಮೇಲಿನ ದರ್ಜೆ, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಮಧ್ಯದ್ದು, ಉಳಿದ ಊರು ಕೆಳಗಿನದು. ಕೆಳಗಿನ ದರ್ಜೆಯಲ್ಲಿ 10% ಹಿಡಿದರೂ 1,39,200 ಸೇರಿ 15,31,200 ಆಯಿತು. ನೋಡಿ, ಅರ್ಧಕ್ಕಿಂತ ಜಾಸ್ತಿ ಒಬ್ಬರ ಸ್ಟೈಪೆಂಡ್‌ಗೇ ಹೋಯಿತು. ಓವರ್‌ಹೆಡ್ (ಪ್ರಾಜೆಕ್ಟ್ ನಡೆಸಿಕೊಡುವುದಕ್ಕೆ ಸಂಸ್ಥೆಗೆ ಸೇರುವ ಪಾಲು) ಕೂಡ ಇದೇ 30ರ ಒಳಗೇ ಬರುತ್ತದೆಯೇ, ಬೇರೆ ಕೊಡುತ್ತಾರೆಯೇ ಅಂತ ಕಾಲ್‌ನಲ್ಲಿ ಓದಿಕೊಳ್ಳಿ.

ಉಳಿದದ್ದರಲ್ಲಿ ಅಯಾನ್ ಕ್ರೊಮ್ಯಾಟೋಗ್ರಾಫ್ ಕೊಳ್ಳಬೇಕು ಅನ್ನುವ ಆಸೆ ಬರುತ್ತದೆ. ತಡೆಯಿರಿ. ದೇಶದ ಯಾವ ಲ್ಯಾಬಿನಲ್ಲಿ ಯಾವ ಉಪಕರಣ ಇದೆ, ಬಳಕೆಗೆ ಎಷ್ಟು ಶುಲ್ಕ ಅಂತ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಧಾರವಾಡದ ಕರ್ನಾಟಕ ವಿವಿಯಲ್ಲಿ ಸೈಫ್ ಅನ್ನುವ ಉಪಕರಣ ಕೇಂದ್ರ ಇದೆ, ಹೊರಗಿನವರ ಮಾದರಿಗಳನ್ನೂ ಪರೀಕ್ಷಿಸಿ ಕೊಡುತ್ತಾರೆ. ನ್ಯಾನೋ ಕೆಲಸದವರಿಗೆ ಐಐಎಸ್‌ಸಿಯ ಐಎನ್‌ಯುಪಿ ಕಾರ್ಯಕ್ರಮ ಇದೆ. "ಈ ಉಪಕರಣ ಇಂಥ ಕಡೆ ಇದೆ, ಅಲ್ಲೇ ಬಳಸುತ್ತೇವೆ, ಅದಕ್ಕೆ ಇಷ್ಟು ಶುಲ್ಕ" ಅಂತ ಬಜೆಟ್‌ನಲ್ಲಿ ಬರೆದರೆ ತಜ್ಞರ ಕಣ್ಣಿಗೆ ನೀವು ಲೆಕ್ಕ ಬಲ್ಲವರು. ನಿಮ್ಮ ಲ್ಯಾಬಿಗೆ ಒಳ್ಳೇ ಮೀಟರ್, ಇಲೆಕ್ಟ್ರೋಡ್, ಫ್ರಿಜ್ ಸಾಕು.

ಉಪಕರಣಕ್ಕೆ ಕೊಟೇಶನ್ ಇಲ್ಲದೆ ಬೆಲೆ ಬರೆಯಬೇಡಿ. ಕೊಟೇಶನ್‌ನಲ್ಲಿ ಜಿಎಸ್‌ಟಿ, ಸಾಗಣೆ, ಅಳವಡಿಕೆ ಎಲ್ಲಾ ಸೇರಿರಲಿ. ಡಾಲರಿನಲ್ಲಿ ಬಂದ ಕೊಟೇಶನ್ ಆದರೆ, ಹಣ ಕೈಗೆ ಬರುವ ಹೊತ್ತಿಗೆ ರೂಪಾಯಿ ಲೆಕ್ಕದಲ್ಲಿ ಉಪಕರಣದ ಬೆಲೆ ಏರಿರಬಹುದು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಪ್ರಯಾಣಕ್ಕೆ "ಒಂದು ಲಕ್ಷ" ಅಂತ ದುಂಡಗೆ ಬರೆಯುವ ಬದಲು ಎಷ್ಟು ಸಲ ಫೀಲ್ಡಿಗೆ, ಬಾಡಿಗೆ ಗಾಡಿಗೆ ದಿನಕ್ಕೆ ಎಷ್ಟು ಅಂತ ಬಿಡಿಸಿ. ಕಂಪ್ಯೂಟರ್, ಎಸಿ, ಮೇಜು ಕುರ್ಚಿ ಕೇಳಲೇಬೇಡಿ. ಅದು ಸಂಸ್ಥೆಯ ಜವಾಬ್ದಾರಿ ಅಂತ ಕೇಳಿದ ಕೂಡಲೇ ಹೊಡೆದು ಹಾಕುತ್ತಾರೆ.

ಹಂತ 5: ಅನುಮತಿಗಳು

ಮನುಷ್ಯರ ಮೇಲಿನ ಅಧ್ಯಯನವಾದರೆ ಸಂಸ್ಥೆಯ ಎಥಿಕ್ಸ್ ಕಮಿಟಿ, ಪ್ರಾಣಿಗಳಾದರೆ ಪ್ರಾಣಿ ಎಥಿಕ್ಸ್ ಕಮಿಟಿ, ಕುಲಾಂತರಿ ಜೀವಿಗಳಾದರೆ ಬಯೋಸೇಫ್ಟಿ ಕಮಿಟಿ. ಪಶ್ಚಿಮ ಘಟ್ಟದ ಕಾಡಿನಿಂದ ಗಿಡ, ಕಪ್ಪೆ ಏನೇ ತರಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ವಿದೇಶದ ಸಹಭಾಗಿಗಳಿಗೆ ಜೈವಿಕ ಮಾದರಿ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ. ವಿದೇಶದಿಂದ ನೇರ ಹಣ ಬರುವುದಾದರೆ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನಿಯಮಗಳು ಹೇಗೆ ಅನ್ವಯಿಸುತ್ತವೆ ಅಂತ ಮೊದಲೇ ವಿಚಾರಿಸಿ. ಅದು ಅರ್ಜಿ ಹಾಕಿದ ಮೇಲೆ ಯೋಚಿಸುವ ವಿಷಯ ಅಲ್ಲ.

ಹಂತ 6: ಸಹಿ, ಸೀಲು, ಸಬ್ಮಿಟ್

ಎಂಡಾರ್ಸ್‌ಮೆಂಟ್ ಸರ್ಟಿಫಿಕೇಟ್‌ಗೆ, ಅಂದರೆ ಸಂಸ್ಥೆ ಈ ಪ್ರಾಜೆಕ್ಟಿಗೆ ಒಪ್ಪಿದೆ ಅನ್ನುವ ಪತ್ರಕ್ಕೆ, ಸಂಸ್ಥೆಯ ಮುಖ್ಯಸ್ಥರ ಸಹಿ ಬೇಕು. ವಿವಿಯಲ್ಲಿ ಇದು ಸಾಮಾನ್ಯವಾಗಿ ರಿಜಿಸ್ಟ್ರಾರ್. ಅವರು ಬೆಂಗಳೂರಿಗೆ ಮೀಟಿಂಗಿಗೆ ಹೋಗಿರುತ್ತಾರೆ, ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ, ಸೋಮವಾರ ಕೊನೇ ದಿನಾಂಕ. ಇದು ಎಲ್ಲ ವಿವಿಗಳಲ್ಲೂ ನಡೆಯುವ ಕಥೆ. ಕೊನೇ ದಿನಕ್ಕೆ ಎರಡು ವಾರ ಮೊದಲೇ ಕಡತ ಹೊರಡಬೇಕು. ಪ್ರಪೋಸಲ್ ಪೂರ್ತಿ ಆಗಿರಬೇಕಿಲ್ಲ, ಶೀರ್ಷಿಕೆ, ಅವಧಿ, ಒಟ್ಟು ಮೊತ್ತ ನಿಗದಿಯಾಗಿದ್ದರೆ ಸಾಕು. ಕಡತದ ಮೇಲೆ ಒಂದು ಪುಟದ ಟಿಪ್ಪಣಿ ಇಡಿ: ಯಾವ ಸಂಸ್ಥೆ, ಎಷ್ಟು ಹಣ, ವಿವಿಯಿಂದ ಹಣ ಹಾಕಬೇಕೋ ಬೇಡವೋ. ಆ ಕೊನೇ ಪ್ರಶ್ನೆಗೆ "ಬೇಡ" ಅಂತ ಉತ್ತರ ಮೊದಲ ಸಾಲಿನಲ್ಲೇ ಕಂಡರೆ ಸಹಿ ಬೇಗ ಬೀಳುತ್ತದೆ. ಕೇಸ್ ವರ್ಕರ್ ಹತ್ತಿರ ನೀವೇ ಹೋಗಿ ಮಾತಾಡಿ, ಅಟೆಂಡರ್ ಕೈಯಲ್ಲಿ ಕಳಿಸಿ ಕೂರಬೇಡಿ.

ಪೋರ್ಟಲ್‌ನಲ್ಲಿ ಪ್ರೊಫೈಲ್ ಇವತ್ತೇ ಮಾಡಿಡಿ. ಪ್ರಕಟಣೆಗಳ ಪಟ್ಟಿ, ಬಯೋಡೇಟಾ, ಜಾತಿ ಅಥವಾ ವಯಸ್ಸಿನ ಪ್ರಮಾಣಪತ್ರ ಎಲ್ಲಾ ಕೇಳಿದ ಅಳತೆಯ ಪಿಡಿಎಫ್‌ನಲ್ಲಿ ಇರಲಿ. ಕೊನೇ ದಿನ ಸಂಜೆ ಸರ್ವರ್ ಎಳೆದಾಡುತ್ತದೆ. ಎರಡು ದಿನ ಮುಂಚೆ ಸಬ್ಮಿಟ್ ಒತ್ತಿದರೆ ಯಾರೂ ಬೈಯುವುದಿಲ್ಲ, ಅಲ್ವಾ? ಬೇರೆಯವರ ವಾಕ್ಯ ಎತ್ತಿ ಹಾಕಿದ್ದರೆ ಸಾಫ್ಟ್‌ವೇರ್ ಹಿಡಿಯುತ್ತದೆ, ನಿಮ್ಮದೇ ಹಳೇ ಪೇಪರಿನ ಸಾಲುಗಳನ್ನೂ ಬಿಡುವುದಿಲ್ಲ.

ಹಂತ 7: ಪ್ರೆಸೆಂಟೇಶನ್ ಅಥವಾ ತಿರಸ್ಕಾರ

ಪ್ರೆಸೆಂಟೇಶನ್‌ಗೆ ಕರೆದರೆ ಹತ್ತು ನಿಮಿಷ ಅಂದುಕೊಂಡು ಏಳಕ್ಕೆ ತಯಾರಾಗಿ. ಪೀಠಿಕೆಗೆ ಒಂದು ಸ್ಲೈಡ್, ಉಳಿದದ್ದು ಪೈಲಟ್ ಡೇಟಾ ಮತ್ತು ವಿಧಾನ. "ನಿಮ್ಮ ಹತ್ತಿರ ಈ ಸೌಲಭ್ಯ ಇದೆಯೇ?" ಅನ್ನುವ ಪ್ರಶ್ನೆ ರಾಜ್ಯ ವಿವಿಯವರಿಗೆ ಬಂದೇ ಬರುತ್ತದೆ. ಎಲ್ಲಿ ಮಾಡುತ್ತೀರಿ ಅನ್ನುವ ಪತ್ರ ಕೈಯಲ್ಲಿರಲಿ.

ಆಗಲಿಲ್ಲ ಅಂತ ಬಂದರೆ ರೆಫರಿಗಳ ಟಿಪ್ಪಣಿ ಕೇಳಿ, ಸಿಕ್ಕರೆ ಒಂದು ವಾರ ಬಿಟ್ಟು ಓದಿ. ಕೂಡಲೇ ಓದಿದರೆ ಸಿಟ್ಟೇ ಬರುತ್ತದೆ. ವಿಧಾನದ ಬಗ್ಗೆ ಹೇಳಿದ್ದನ್ನು ಸರಿಮಾಡಿ, ಬೇರೆ ಸಣ್ಣ ಕಾಲ್‌ಗೆ ಕಳಿಸಿ. ಒಂದೇ ಪ್ರಪೋಸಲ್ಲನ್ನು ಒಂದೇ ಸಮಯಕ್ಕೆ ಎರಡು ಕಡೆ ಹಾಕಿದರೆ ಅದನ್ನು ಅರ್ಜಿಯಲ್ಲಿ ತಿಳಿಸಲೇಬೇಕು.

ಹಂತ 8: ಸ್ಯಾಂಕ್ಷನ್ ಬಂದ ಮೇಲೆ

ಸ್ಯಾಂಕ್ಷನ್ ಆರ್ಡರ್ ಪೂರ್ತಿ ಓದಿ. ಯಾವ ಹೆಡ್‌ಗೆ (ಖರ್ಚಿನ ಬಾಬ್ತಿಗೆ) ಎಷ್ಟು, ಯಾವ ದಿನಾಂಕದಿಂದ ಪ್ರಾಜೆಕ್ಟ್ ಶುರು ಅನ್ನುವುದು ಅಲ್ಲಿದೆ. ಕೇಂದ್ರದ ಹಣಕ್ಕೆ ಅದರ ಹಣ ಪಾವತಿ ಪೋರ್ಟಲ್ ಪಿಎಫ್‌ಎಂಎಸ್‌ನಲ್ಲಿ ಸಂಸ್ಥೆಯ ನೋಂದಣಿ ಬೇಕು. ಹಣ ಎಲ್ಲರ ಕಾಲೇಜು ಖಾತೆಗೆ ಬಂದು ಕೂರುವ ಕಾಲ ಹೋಯಿತು. ಈಗ ಬಹಳ ಯೋಜನೆಗಳಲ್ಲಿ ಝೀರೋ ಬ್ಯಾಲೆನ್ಸ್ ಖಾತೆ, ಖರ್ಚಿಗೆ ತಕ್ಕಂತೆ ಹಣ. ಖಾತೆಯಲ್ಲಿ ಬಡ್ಡಿ ಬಂದರೆ ಅದು ನಿಮ್ಮದಲ್ಲ, ಭಾರತ್‌ಕೋಶ್ ಪೋರ್ಟಲ್ ಮೂಲಕ ಕೇಂದ್ರಕ್ಕೆ ವಾಪಸು ಕಟ್ಟಬೇಕು.

ಖರೀದಿಯಲ್ಲಿ ಎರಡು ನಿಯಮಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಕೊಟ್ಟವರು ಕೇಂದ್ರದ ಹಣಕಾಸು ನಿಯಮ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಅನ್ನುತ್ತಾರೆ. ನಿಮ್ಮ ಫೈನಾನ್ಸ್ ಸೆಕ್ಷನ್ ರಾಜ್ಯದ ಖರೀದಿಗೆ ಇರುವ 1999ರ ಕೆಟಿಪಿಪಿ ಕಾಯ್ದೆ ಅನ್ನುತ್ತದೆ. ವಾದಕ್ಕೆ ಇಳಿಯಬೇಡಿ. ಮೊದಲ ವಾರವೇ ಫೈನಾನ್ಸ್ ಆಫೀಸರ್ ಹತ್ತಿರ ಕೂತು ಯಾವ ವಸ್ತು ಯಾವ ದಾರಿಯಲ್ಲಿ ಅಂತ ಬರವಣಿಗೆಯಲ್ಲಿ ತೀರ್ಮಾನ ಮಾಡಿಸಿಕೊಳ್ಳಿ. ಜೆಆರ್‌ಎಫ್ ಜಾಹೀರಾತನ್ನೂ ಅದೇ ವಾರ ಹಾಕಿ. ನೇಮಕ ಆರು ತಿಂಗಳು ತಡವಾದರೆ ಮೂರು ವರ್ಷದ ಪ್ರಾಜೆಕ್ಟ್ ಎರಡೂವರೆಗೆ ಇಳಿಯುತ್ತದೆ, ಉಳಿದ ಸ್ಟೈಪೆಂಡ್ ಹಣವನ್ನು ಕೇಳದೆ ಬೇರೆ ಹೆಡ್‌ಗೆ ಹಾಕುವಂತಿಲ್ಲ.

ಮಾರ್ಚ್ 31ಕ್ಕೆ ಲೆಕ್ಕ ಮುಚ್ಚಿ. ಆಮೇಲೆ ಖರ್ಚಿನ ವಿವರ ಮತ್ತು ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮ) 12-ಎ ನಮೂನೆಯ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ, ಹೋಗಬೇಕು. ಮುಂದಿನ ಕಂತು ನಿಲ್ಲುವುದು ಸಾಮಾನ್ಯವಾಗಿ ಇದೊಂದೇ ಕಾಗದಕ್ಕೆ. ವಿವಿಯ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಹತ್ತು ರೂಪಾಯಿ ವ್ಯತ್ಯಾಸ ಇದ್ದರೂ ವಾಪಸು ಬರುತ್ತದೆ. ಹಾಗಾಗಿ ನಿಮ್ಮದೇ ಒಂದು ಎಕ್ಸೆಲ್ ಹಾಳೆ ಇಟ್ಟುಕೊಂಡು ಪ್ರತಿ ತಿಂಗಳು ಫೈನಾನ್ಸ್ ಸೆಕ್ಷನ್‌ನ ಲೆಜರ್ ಜೊತೆ ತಾಳೆ ನೋಡಿ. ಬಿಲ್ಲಿನ ಒಂದು ಕಾಪಿ ನಿಮ್ಮ ಹತ್ತಿರ ಇರಲಿ.

ಕೊಂಡ ಪ್ರತಿ ಉಪಕರಣವನ್ನೂ ಬಂದ ದಿನವೇ ಸ್ಟಾಕ್ ರಿಜಿಸ್ಟರಿಗೆ ಏರಿಸಿ, ಮೇಲೆ ಪ್ರಾಜೆಕ್ಟ್ ಸಂಖ್ಯೆಯ ಚೀಟಿ ಅಂಟಿಸಿ. ಪೇಪರಿನ ಕೃತಜ್ಞತೆಯಲ್ಲಿ ಹಣ ಕೊಟ್ಟ ಸಂಸ್ಥೆಯ ಹೆಸರು, ಸ್ಯಾಂಕ್ಷನ್ ಸಂಖ್ಯೆ ಎರಡೂ ಬರಲಿ, ಅಂತಿಮ ವರದಿಯಲ್ಲಿ ಅದನ್ನೇ ಕೇಳುತ್ತಾರೆ. ಮಧ್ಯದಲ್ಲಿ ಬೇರೆ ವಿವಿಗೆ ಹೋಗುವ ಯೋಚನೆ ಬಂದರೆ ರಿಲೀವ್ ಆಗುವ ಮುಂಚೆಯೇ ಎರಡೂ ಸಂಸ್ಥೆಗಳ ಒಪ್ಪಿಗೆ ಪತ್ರದ ಜೊತೆ ಹಣ ಕೊಟ್ಟವರಿಗೆ ಬರೆಯಿರಿ. ರಿಲೀವ್ ಆದ ಮೇಲೆ ಹಳೇ ಆಫೀಸಿನಲ್ಲಿ ಆ ಕಡತ ಹುಡುಕಿ ಕೊಡುವವರು ಸಿಗುವುದಿಲ್ಲ.